ಡಾಕ್ಟರ ಚೀಟಿ ಒಬ್ಬರ ಹೆಸರಲ್ಲಿ, ಬದಲಾಗಬೇಕಾದ್ದು ಇಡೀ ಮನೆ

ಈ ಸಲ ಬಂದ ಪತ್ರಗಳನ್ನೆಲ್ಲ ಮುಂದೆ ಹರಡಿಕೊಂಡು ಓದುತ್ತಾ ಹೋದರೆ ಎಲ್ಲವೂ ಒಂದೇ ಮನೆಯಿಂದ ಬಂದ ಹಾಗೆ ಅನ್ನಿಸಿತು. ಕಾಯಿಲೆ ಬೇರೆ ಬೇರೆ, ವಯಸ್ಸು ಬೇರೆ ಬೇರೆ. ಕೊನೆಯ ಸಾಲು ಮಾತ್ರ ಒಂದೇ: "ಎಷ್ಟು ಹೇಳಿದರೂ ಕೇಳುವುದಿಲ್ಲ, ಏನು ಮಾಡಲಿ?" ಹಾಗಾಗಿ ಈ ಸಂಚಿಕೆಯ ಜಾಗವನ್ನೆಲ್ಲ ಇದಕ್ಕೇ ಕೊಟ್ಟಿದ್ದೇನೆ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ 52 ವರ್ಷ. ಬಿಪಿ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿ ಆರು ತಿಂಗಳಾಯಿತು. ಅವರಿಗೆ ಬೇರೆ, ಉಳಿದವರಿಗೆ ಬೇರೆ ಅಂತ ದಿನಾ ಎರಡು ಅಡುಗೆ ಮಾಡುತ್ತಿದ್ದೇನೆ. ಅವರು ತಟ್ಟೆ ಮುಂದೆ ಕೂತ ತಕ್ಷಣ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಾರೆ. ಬೇಡ ಅಂದರೆ ನಮ್ಮತ್ತೆ, "ನನ್ನ ಮಗನಿಗೆ ಬಾಯಿಗೆ ರುಚಿಯಾಗಿ ಒಂದು ತುತ್ತು ಹಾಕೋಕಾಗಲ್ವಾ" ಅನ್ನುತ್ತಾರೆ. ಮಕ್ಕಳಿಬ್ಬರೂ ಕಾಲೇಜಿಗೆ ಹೋಗುವವರು, ಉಪ್ಪು ಸ್ವಲ್ಪ ಕಡಿಮೆಯಾದರೂ ತಟ್ಟೆ ಸರಿಸಿ ಎದ್ದುಬಿಡುತ್ತಾರೆ. ನನಗೆ ಸಾಕಾಗಿ ಹೋಗಿದೆ. ಇವರಿಗೆ ಅರ್ಥವಾಗುವ ಹಾಗೆ ಹೇಗೆ ಹೇಳಲಿ?

ಉತ್ತರ: ಮೊದಲು ಆ ಎರಡು ಅಡುಗೆಯನ್ನು ನಿಲ್ಲಿಸಿ. ನಿಮ್ಮ ಕಷ್ಟ ನೋಡಿ ಹೇಳುತ್ತಿದ್ದೇನೆ, ನಿಜ. ಆದರೆ ಅದೊಂದೇ ಕಾರಣವಲ್ಲ. ಎರಡು ಪಾತ್ರೆ ಇಟ್ಟ ದಿನವೇ ನಿಮ್ಮ ಮನೆಯಲ್ಲಿ ಒಬ್ಬರು ರೋಗಿ ಆದರು, ಉಳಿದ ನಾಲ್ವರು ಗಟ್ಟಿಗರಾದರು. ಎಲ್ಲರೂ ರುಚಿಯಾಗಿ ತಿನ್ನುತ್ತಿರುವಾಗ ತಾನೊಬ್ಬ ಸಪ್ಪೆ ತಿನ್ನುತ್ತಾ ಕೂರುವುದು ಯಾರಿಗೆ ತಾನೇ ಇಷ್ಟ? ಅವರು ಡಬ್ಬಿಗೆ ಕೈ ಹಾಕುವುದು ನಾಲಿಗೆಯ ಆಸೆಗೆ ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ, ನಾನಿನ್ನೂ ಈ ಪಂಕ್ತಿಯಲ್ಲೇ ಇದ್ದೇನೆ ಅಂತ ತೋರಿಸಿಕೊಳ್ಳುವುದಕ್ಕೂ ಇರಬಹುದು.

ಇನ್ನೊಂದು ಮಾತು. ಕಡಿಮೆ ಉಪ್ಪು ಅನ್ನುವುದು ಬಿಪಿ ಇರುವವರ ಪಥ್ಯ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಹಾಗಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆಲ್ಲ ಹೇಳಿರುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಸಣ್ಣ ಚಮಚದಷ್ಟು. ಬಿಪಿ ಇರಲಿ ಬಿಡಲಿ. ನಿಮ್ಮ ಕಾಲೇಜು ಮಕ್ಕಳಿಗೂ ಅದೇ, ಅತ್ತೆಗೂ ಅದೇ, ನಿಮಗೂ ಅದೇ. ಹಾಗಾಗಿ "ಅಪ್ಪನಿಗೋಸ್ಕರ ನಾವೆಲ್ಲ ಸಪ್ಪೆ ತಿನ್ನಬೇಕಾ" ಅನ್ನುವ ಪ್ರಶ್ನೆಯೇ ಬರಬಾರದು.

ಒಂದು ಸಣ್ಣ ಕೆಲಸ ಮಾಡಿ. ಮುಂದಿನ ಸಲ ಹೊಸ ಉಪ್ಪಿನ ಪ್ಯಾಕೆಟ್ ಒಡೆಯುವಾಗ ಅದರ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯಿರಿ. ನೀವು ಐದು ಜನ. ಒಬ್ಬರಿಗೆ 5 ಗ್ರಾಂ ಅಂದರೂ ದಿನಕ್ಕೆ 25 ಗ್ರಾಂ, ಒಂದು ಕಿಲೋ ಪ್ಯಾಕೆಟ್ 40 ದಿನ ಬರಬೇಕು. ಹೊರಗೆ ತಿನ್ನುವುದು, ಪ್ಯಾಕೆಟ್ ತಿಂಡಿ ಇದೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಇನ್ನೂ ಹೆಚ್ಚು ದಿನ ಬರಬೇಕು. 20 ದಿನಕ್ಕೇ ಖಾಲಿಯಾದರೆ ಬರೀ ಅಡುಗೆಮನೆಯಿಂದಲೇ ಎಲ್ಲರೂ ಎರಡು ಪಟ್ಟು ಉಪ್ಪು ತಿನ್ನುತ್ತಿದ್ದೀರಿ ಅಂತಾಯಿತು. ಯಾರಿಗೂ ಬುದ್ಧಿ ಹೇಳುವ ಅಗತ್ಯವೇ ಇಲ್ಲ. ಖಾಲಿ ಪ್ಯಾಕೆಟ್ಟನ್ನು ಎಲ್ಲರ ಎದುರಿಗಿಟ್ಟು "ಇದು ಎಷ್ಟು ದಿನ ಬಂತು ಗೊತ್ತಾ" ಅಂತ ಕೇಳಿ, ಸಾಕು. ಮಕ್ಕಳಿಗೆ ಇನ್ನೊಂದು ಲೆಕ್ಕವನ್ನೂ ಒಪ್ಪಿಸಿ: ಪ್ಯಾಕೆಟ್ ತಿಂಡಿಯ ಹಿಂಬದಿ ಸೋಡಿಯಂ ಎಷ್ಟು ಅಂತ ಬರೆದಿರುತ್ತಾರೆ, ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು. 400 ಮಿಲಿಗ್ರಾಂ ಸೋಡಿಯಂ ಅಂದರೆ ಒಂದು ಗ್ರಾಂ ಉಪ್ಪು. ಈ ವಯಸ್ಸಿನವರು ನಾವು ಹೇಳಿದ್ದನ್ನು ನಂಬುವುದಿಲ್ಲ, ತಾವೇ ಕಂಡುಹಿಡಿದದ್ದನ್ನು ನಂಬುತ್ತಾರೆ.

ಕಡಿಮೆ ಮಾಡುವಾಗ ಒಂದೇ ದಿನಕ್ಕೆ ಅರ್ಧ ಮಾಡಬೇಡಿ. ವಾರ ವಾರ ಒಂದೊಂದು ಚಿಟಿಕೆ ತೆಗೆಯುತ್ತಾ ಬನ್ನಿ. ನಾಲಿಗೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ಕೆಲವು ವಾರ ಬೇಕು. ಅಲ್ಲಿವರೆಗೆ ಸಪ್ಪೆ ಅನ್ನಿಸುವುದು ಸಹಜ, ಅದನ್ನು ಮೊದಲೇ ಹೇಳಿಬಿಡಿ. ಹೊಂದಿಕೊಂಡ ಮೇಲೆ ಹಳೆಯ ಅಳತೆಯ ಅಡುಗೆ ಅವರಿಗೇ ಉಪ್ಪುಪ್ಪಾಗಿ ಹತ್ತುತ್ತದೆ. ಉಪ್ಪಿನ ಡಬ್ಬಿಯನ್ನು ಊಟದ ಜಾಗದಿಂದ ತೆಗೆದು ಅಡುಗೆಮನೆಯ ಮೇಲಿನ ಕಪಾಟಿನಲ್ಲಿಡಿ. ಬಚ್ಚಿಡುವುದಲ್ಲ, ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಲಿ. ಎದ್ದು ಹೋಗಿ ತರಬೇಕು ಅಂದಾಗ ಹತ್ತರಲ್ಲಿ ಎಷ್ಟೋ ಸಲ ಮನುಷ್ಯ ಕೂತಲ್ಲೇ ಕೂರುತ್ತಾನೆ, ಅಷ್ಟೇ.

ಇನ್ನು ನಿಮ್ಮತ್ತೆ. ನಿಮ್ಮ ಪತ್ರದಲ್ಲಿ ಅವರು ವಿಲನ್ ಥರ ಕಾಣುತ್ತಾರೆ. ನನಗೆ ಹಾಗೆ ಕಾಣಲಿಲ್ಲ. ಐವತ್ತು ವರ್ಷದಿಂದ ಮಗನಿಗೆ ಪ್ರೀತಿ ತೋರಿಸುತ್ತಾ ಬಂದಿರುವುದೇ ತಟ್ಟೆಗೆ ಬಡಿಸಿ. ಈಗ ಯಾರೋ ಡಾಕ್ಟರು, ಅವರು ಮುಖ ಕೂಡ ನೋಡಿಲ್ಲದವರು, ಆ ಪ್ರೀತಿಯೇ ಕಾಯಿಲೆಗೆ ಕಾರಣ ಅಂದುಬಿಟ್ಟ ಹಾಗಾಗಿದೆ. ಡಾಕ್ಟರ ಹತ್ತಿರ ಹೋದಾಗ ರೂಮಿನೊಳಗೆ ಯಾರಿದ್ದರು? ನೀವಿಬ್ಬರೇ ತಾನೇ? ಸಲಹೆ ಕೇಳಿಸಿಕೊಂಡವರು ಇಬ್ಬರು, ಅಡುಗೆಮನೆಯಲ್ಲಿ ಮಾತು ನಡೆಯುವುದು ಮೂರನೆಯವರದ್ದು. ಮುಂದಿನ ಸಲ ಅತ್ತೆಯನ್ನೂ ಕರೆದುಕೊಂಡು ಹೋಗಿ, ಅವರ ಬಿಪಿಯನ್ನೂ ನೋಡಿಸಿ. ಡಾಕ್ಟರು ನೇರವಾಗಿ ಅವರಿಗೇ "ಅಮ್ಮಾ, ಇದು ನಿಮ್ಮ ಕೈಯಲ್ಲಿದೆ" ಅಂದರೆ ಆ ಮಾತಿನ ತೂಕವೇ ಬೇರೆ. ಮನೆಗೆ ಬಂದ ಮೇಲೆ ಉಪ್ಪು ಹಾಕುವ ಕೆಲಸವನ್ನು ಅವರಿಗೇ ಒಪ್ಪಿಸಿ. ಕಮ್ಮಿ ಉಪ್ಪಿನಲ್ಲಿ ಹುಳಿ, ಖಾರ, ಸೊಪ್ಪು ಸೇರಿಸಿ ರುಚಿ ತರುವ ಕೈ ಅವರಿಗಿರುತ್ತದೆ. ಅಧಿಕಾರ ಕಿತ್ತುಕೊಂಡರೆ ಎದುರು ನಿಲ್ಲುವವರೇ ಅಧಿಕಾರ ಕೊಟ್ಟರೆ ಜೊತೆಗೆ ನಿಲ್ಲುತ್ತಾರೆ. ಇದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ಕೊನೆಗೆ ನಿಮ್ಮ ಮಾತಿನ ಬಗ್ಗೆ. "ನಿಮಗೆ ಬಿಪಿ ಇದೆ, ನೀವು ತಿನ್ನಬಾರದು" ಅನ್ನುವುದನ್ನು ಬಿಟ್ಟು "ನಮ್ಮ ಮನೆಯಲ್ಲಿ ಉಪ್ಪು ಕಡಿಮೆ ಮಾಡ್ತಿದ್ದೇವೆ" ಅನ್ನಿ. ಸುಮ್ನೆ ಮಾತಿನ ಚಂದಕ್ಕೆ ಹೇಳುತ್ತಿಲ್ಲ. ಹೃದಯದ ತೊಂದರೆ ಇರುವವರನ್ನೂ ಅವರ ಗಂಡ ಅಥವಾ ಹೆಂಡತಿಯನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಿದ ಒಂದು ಅಧ್ಯಯನ 2008ರಲ್ಲಿ ಬಂತು. ಸಂಗಾತಿಯ ಮಾತಿನಲ್ಲಿ "ನಾನು", "ಅವರು" ಅನ್ನುವುದಕ್ಕಿಂತ "ನಾವು" ಅನ್ನುವುದು ಹೆಚ್ಚಿದ್ದಷ್ಟೂ ಮುಂದಿನ ಆರು ತಿಂಗಳಲ್ಲಿ ರೋಗಿಯ ಸ್ಥಿತಿ ಚೆನ್ನಾಗಿತ್ತು. ಮಾತೇ ಔಷಧ ಅಂತ ಇದರ ಅರ್ಥವಲ್ಲ. "ನಾವು" ಅನ್ನುವ ಮನೆಯಲ್ಲಿ ಬೇರೆ ಪಾತ್ರೆ ಇರುವುದಿಲ್ಲ ಅಂತ ನಾನು ಅರ್ಥಮಾಡಿಕೊಂಡಿದ್ದೇನೆ.

ಒಂದು ಎಚ್ಚರ. ಕಡಿಮೆ ಸೋಡಿಯಂ ಉಪ್ಪು ಅಂತ ಮಾರುವುದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ತರಬೇಡಿ.

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ನಮ್ಮಪ್ಪ ಮೂವತ್ತು ವರ್ಷದಿಂದ ಸಿಗರೇಟು ಸೇದುತ್ತಾರೆ. ಕ್ಯಾನ್ಸರ್ ಫೋಟೋ ತೋರಿಸಿದ್ದೇನೆ, ವಿಡಿಯೋ ಕಳಿಸಿದ್ದೇನೆ, ಪ್ಯಾಕು ಬಿಸಾಡಿದ್ದೇನೆ, ಅಮ್ಮನ ಮೇಲೆ ಆಣೆ ಹಾಕಿಸಿದ್ದೇನೆ. ಈಗ ಮನೆಯಲ್ಲಿ ಬಿಟ್ಟಿದ್ದಾರೆ, ತಾರಸಿಗೆ ಹೋಗಿ ಕದ್ದು ಸೇದುತ್ತಾರೆ. ಅವರಿಗೆ ಭಯ ಹುಟ್ಟಿಸುವುದು ಹೇಗೆ? (ನಾನೂ ಗೆಳೆಯರ ಜೊತೆ ಯಾವಾಗಲಾದರೂ ಒಂದು ಸೇದುತ್ತೇನೆ, ಅದು ಬೇರೆ ವಿಷಯ.)

ಉತ್ತರ: ಅದು ಬೇರೆ ವಿಷಯ ಅಲ್ಲ ತಮ್ಮಾ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದೇ ಆ ಸಾಲಿನ ಮೇಲೆ.

ಇಂಗ್ಲೆಂಡಿನಲ್ಲಿ 3,700ಕ್ಕೂ ಹೆಚ್ಚು ದಂಪತಿಗಳನ್ನು ಗಮನಿಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸಿಗರೇಟು ಸೇದುವ ಹೆಂಗಸರಲ್ಲಿ, ಗಂಡನೂ ಮೊದಲಿನಿಂದ ಸೇದುತ್ತಿದ್ದು ಈಗಲೂ ಬಿಡದೇ ಇದ್ದರೆ ನೂರಕ್ಕೆ 8 ಜನ ಮಾತ್ರ ಬಿಟ್ಟಿದ್ದರು. ಗಂಡ ಮೊದಲಿನಿಂದ ಸೇದದವನಾಗಿದ್ದರೆ 17. ಗಂಡನೂ ಅದೇ ಸಮಯದಲ್ಲಿ ಬಿಟ್ಟಿದ್ದರೆ 50. ಈ ಅಂಕಿಗಳನ್ನು ಮೊದಲ ಸಲ ಓದಿದಾಗ ನಾನು ತುಂಬಾ ಹೊತ್ತು ಅದನ್ನೇ ಯೋಚಿಸುತ್ತಾ ಕೂತಿದ್ದೆ. ಯಾವತ್ತೂ ಸೇದದೇ ಇದ್ದವರ ಜೊತೆಗಿಂತ, ಸೇದುತ್ತಿದ್ದು ಜೊತೆಗೆ ಬಿಟ್ಟವರ ಸಂಗ ಹೆಚ್ಚು ಕೆಲಸ ಮಾಡಿದೆ. ಯಾಕೆ ಅಂತೀರಾ? ಸೇದದವರಿಗೆ ಆ ಚಡಪಡಿಕೆ ಗೊತ್ತಿಲ್ಲ. ಜೊತೆಗೆ ಬಿಡುವವರಿಗೆ ಗೊತ್ತು, ಅವರೂ ಅದನ್ನೇ ಅನುಭವಿಸುತ್ತಿರುತ್ತಾರೆ. ಅದು ಗಂಡ ಹೆಂಡತಿಯ ಲೆಕ್ಕ, ಅಪ್ಪ ಮಗನದ್ದಲ್ಲ ನಿಜ. ಆದರೂ "ಅಪ್ಪಾ, ನಾನೂ ಸೇದುತ್ತೇನೆ, ನಾನೂ ಬಿಡಬೇಕು ಅಂತಿದ್ದೀನಿ, ಇಬ್ಬರೂ ಒಟ್ಟಿಗೆ ನೋಡೋಣ್ವಾ" ಅಂತ ಹೇಳುವ ಅವಕಾಶ ನಿಮಗಿದೆ. ಹೇಳುವುದಕ್ಕೆ ಧೈರ್ಯ ಬೇಕು, ಗೊತ್ತು. ನಿಮ್ಮ ಆ ಎಲ್ಲಾ ವಿಡಿಯೋಗಳಿಗಿಂತ ಈ ಒಂದು ಮಾತಿಗೆ ಹೆಚ್ಚು ಶಕ್ತಿ ಇದೆ ಅಂತ ನಾನು ನಂಬಿದ್ದೇನೆ.

ಭಯದ ಬಗ್ಗೆ ಕೇಳಿದ್ದೀರಿ. ಮೂವತ್ತು ವರ್ಷ ಸೇದಿದವರಿಗೆ ಅಪಾಯ ಗೊತ್ತಿಲ್ಲದೇ ಇರುತ್ತಾ? ಪ್ರತಿ ಸಲ ಕೆಮ್ಮಿದಾಗಲೂ ಅವರಿಗೆ ಒಳಗೊಳಗೆ ಹೆದರಿಕೆ ಆಗಿರುತ್ತದೆ. ಹೊರಬರುವ ದಾರಿ ಕಾಣದವನನ್ನು ಇನ್ನಷ್ಟು ಹೆದರಿಸಿದರೆ ಅವನು ಕಣ್ಣು ಮುಚ್ಚಿಕೊಳ್ಳುತ್ತಾನೆ, ಇಲ್ಲವೇ ತಾರಸಿ ಹತ್ತುತ್ತಾನೆ. ಕಾವಲು ಕಾದದ್ದರಿಂದ ನಿಮಗೆ ಸಿಕ್ಕಿದ್ದು ಇಷ್ಟೇ: ಸಿಗರೇಟು ಕಡಿಮೆಯಾಗಲಿಲ್ಲ, ಅಪ್ಪ ನಿಮ್ಮ ಮುಂದೆ ನಿಜ ಹೇಳುವುದು ನಿಂತುಹೋಯಿತು. ಇದು ದೊಡ್ಡ ನಷ್ಟ, ಯಾಕೆಂದರೆ ಬಿಡಬೇಕು ಅಂತ ಅವರಿಗೇ ಅನ್ನಿಸಿದ ದಿನ ಯಾರ ಹತ್ತಿರ ಹೇಳಬೇಕು?

ಹಾಗಾದರೆ ಏನು ಮಾಡುವುದು? ಕೇಳಿ. ನಿಜವಾಗಿಯೂ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ. ಚಟ ಬಿಡಿಸುವ ಆಪ್ತಸಮಾಲೋಚಕರು 1980ರ ದಶಕದಿಂದ ಬೆಳೆಸಿಕೊಂಡು ಬಂದಿರುವ ಒಂದು ರೀತಿ ಇದೆ, ಅದರಲ್ಲಿ ಹೀಗೆ ಕೇಳುತ್ತಾರೆ: "ಬಿಡಬೇಕು ಅನ್ನೋದು ನಿಮಗೆ ಹತ್ತರಲ್ಲಿ ಎಷ್ಟು ಮುಖ್ಯ?" ಅಪ್ಪ "ನಾಲ್ಕು" ಅಂದರು ಅಂತಿಟ್ಟುಕೊಳ್ಳಿ. ನಮಗೆ ತಕ್ಷಣ ಬಾಯಿಗೆ ಬರುವುದು "ಬರೀ ನಾಲ್ಕಾ?" ಅಂತ. ಅದನ್ನು ನುಂಗಿಕೊಳ್ಳಿ. "ಯಾಕೆ ಎರಡಲ್ಲ, ನಾಲ್ಕು?" ಅಂತ ಕೇಳಿ. ಆಗ ಅವರು ಬಿಡಬೇಕಾದ ಕಾರಣಗಳನ್ನು ತಾವೇ ಹೇಳಬೇಕಾಗುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ, ಅಮ್ಮ ಹತ್ತಿರ ಬಂದರೆ ಮುಖ ತಿರುಗಿಸ್ತಾಳೆ, ಏನೋ ಒಂದು. ಮನುಷ್ಯ ತನ್ನ ಬಾಯಿಂದ ಬಂದ ಕಾರಣಕ್ಕೆ ಬೆಲೆ ಕೊಟ್ಟಷ್ಟು ಬೇರೆಯವರ ಕಾರಣಕ್ಕೆ ಕೊಡುವುದಿಲ್ಲ.

ಅವರು ಬಿಡಲು ಹೊರಟಾಗ ಮನೆಯವರಿಗೆಲ್ಲ ಗೊತ್ತಿರಬೇಕಾದ ಸಂಗತಿ: ಮೊದಲ ಕೆಲವು ದಿನ ತುಂಬಾ ಕಷ್ಟ. ಸಿಡುಕು, ನಿದ್ದೆಗೇಡು, ಯಾವುದರಲ್ಲೂ ಮನಸ್ಸಿಲ್ಲ. ಎರಡರಿಂದ ನಾಲ್ಕು ವಾರದಲ್ಲಿ ಇದು ಇಳಿಯುತ್ತದೆ. ಆ ದಿನಗಳಲ್ಲಿ "ಇದಕ್ಕಿಂತ ಸೇದುತ್ತಿದ್ದಾಗಲೇ ಚೆನ್ನಾಗಿದ್ರು" ಅಂತ ಯಾರೂ ಅನ್ನಬಾರದು, ತಮಾಷೆಗೂ. ಒಂದೊಂದು ಸಲ ಬರುವ ಸೇದಬೇಕೆಂಬ ತುಡಿತ ಕೆಲವೇ ನಿಮಿಷದ್ದು, ಆಗ ಒಂದು ಲೋಟ ನೀರು, ಒಂದು ಸುತ್ತು ನಡಿಗೆ, ಒಂದು ಫೋನ್ ಕರೆ, ಏನಾದರೂ ಸರಿ. ನಿಕೋಟಿನ್ ಗಮ್, ಪ್ಯಾಚ್, ಮಾತ್ರೆ ಎಲ್ಲ ಇವೆ, ಡಾಕ್ಟರನ್ನು ಕೇಳಿ. ಬರೀ ಮನಸ್ಸು ಗಟ್ಟಿ ಮಾಡಿಕೊಂಡು ಬಿಡಲು ಹೋಗುವುದಕ್ಕಿಂತ ಇವುಗಳ ಜೊತೆ ಬಿಟ್ಟರೆ ಉಳಿಯುವ ಸಾಧ್ಯತೆ ಜಾಸ್ತಿ. ಜಾರಿ ಮತ್ತೆ ಸೇದಿದರೆ ಕಥೆ ಮುಗಿಯಿತು ಅಂತಲ್ಲ. ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಪ್ರಯತ್ನಪಟ್ಟೇ ಬಿಟ್ಟವರು. ಬಿಟ್ಟು ಒಂದು ವರ್ಷವಾದರೆ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಸೇದುವವರಿಗೆ ಹೋಲಿಸಿದರೆ ಅರ್ಧಕ್ಕೆ ಇಳಿಯುತ್ತದೆ. ಮೂವತ್ತು ವರ್ಷ ಸೇದಾಯ್ತು, ಇನ್ನೇನು ಅನ್ನುವ ಮಾತನ್ನು ನಂಬಬೇಡಿ.

ಮನೆಯೊಳಗೆ ಸೇದಬಾರದು ಅನ್ನುವ ನಿಯಮ ಮಾತ್ರ ಸಡಿಲ ಮಾಡಬೇಡಿ. ಅದು ಅಪ್ಪನಿಗೆ ಶಿಕ್ಷೆ ಅಂತಲ್ಲ, ಉಳಿದವರ ಶ್ವಾಸಕೋಶಕ್ಕಾಗಿ. ಕಿಟಕಿ ತೆಗೆದರೆ ಸಾಕು ಅನ್ನುವುದು ಸುಳ್ಳು.

ಪ್ರಶ್ನೆ: ಹದಿನೈದು ವರ್ಷದಿಂದ ದಿನಾ ಕುಡಿಯುತ್ತಿದ್ದ ನನ್ನ ತಮ್ಮ, ನಾಳೆಯಿಂದ ಒಂದು ತೊಟ್ಟೂ ಮುಟ್ಟಲ್ಲ ಅಂದಿದ್ದಾನೆ. ಮನೆಯವರೆಲ್ಲ ಖುಷಿಯಾಗಿದ್ದೇವೆ. ಹೊರಗೆ ಹೋಗದ ಹಾಗೆ ಒಂದು ವಾರ ರೂಮಿನಲ್ಲಿ ಇರಿಸಿಕೊಂಡರೆ ಸಾಕಲ್ವಾ?

ಉತ್ತರ: ಬೇಡ! ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಿಗರೇಟಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು. ವರ್ಷಗಟ್ಟಲೆ ದಿನಾ ಹೆಚ್ಚು ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ಮೂರು ದಿನಗಳಲ್ಲಿ ಕೈಕಾಲು ನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣಿಸುವುದು, ಜ್ಞಾನ ತಪ್ಪಿ ಬಡಬಡಿಸುವುದು ಎಲ್ಲ ಆಗಬಹುದು, ಜೀವಕ್ಕೇ ಅಪಾಯ ಬರಬಹುದು. ರೂಮಿನಲ್ಲಿ ಕೂಡಿಹಾಕಿದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಡಬೇಕು ಅನ್ನುವ ಅವನ ನಿರ್ಧಾರ ಬಹಳ ಒಳ್ಳೆಯದು, ಅದನ್ನು ಅವನಿಗೆ ಬಾಯಿಬಿಟ್ಟು ಹೇಳಿ. ಡಾಕ್ಟರು ಕೊಡುವ ಔಷಧಿಯ ನೆರಳಿನಲ್ಲಿ ಬಿಡಲಿ. ಮನೆಯಲ್ಲಿ ಬೇರೆ ಯಾರಾದರೂ ಕುಡಿಯುತ್ತಿದ್ದರೆ, ಬಾಟಲಿ ಇದ್ದರೆ, ಅದನ್ನು ಇವತ್ತೇ ಮನೆಯಿಂದ ಆಚೆ ಹಾಕಿ.

ಪ್ರಶ್ನೆ: ನಾಲ್ಕು ವರ್ಷದ ಮಗಳು ತರಕಾರಿ ಮುಟ್ಟುವುದಿಲ್ಲ. ಎರಡು ತುತ್ತು ತಿಂದರೆ ಚಾಕಲೇಟ್, ಮೊಬೈಲ್ ಕೊಡ್ತೀನಿ ಅಂತ ತಿನ್ನಿಸುತ್ತೇವೆ. ಸರೀನಾ?

ಉತ್ತರ: ಆ ವ್ಯಾಪಾರದಲ್ಲಿ ಮಗು ಕಲಿಯುವ ಪಾಠ ಏನು ಗೊತ್ತಾ? ತರಕಾರಿ ಅನ್ನುವುದು ಕೂಲಿ, ಚಾಕಲೇಟ್ ಅನ್ನುವುದು ಸಂಬಳ. ಒತ್ತಾಯ ಮಾಡಿದಷ್ಟೂ ಮಕ್ಕಳು ಕಡಿಮೆ ತಿನ್ನುತ್ತಾರೆ, ಅಡ್ಡಗಟ್ಟಿದ ತಿಂಡಿಯ ಮೇಲೇ ಆಸೆ ಹೆಚ್ಚುತ್ತದೆ. ಇದನ್ನು ಮತ್ತೆ ಮತ್ತೆ ಪರೀಕ್ಷಿಸಿ ನೋಡಿದ್ದಾರೆ.

ಹೊಸ ರುಚಿಯನ್ನು ಒಪ್ಪಿಕೊಳ್ಳಲು ಮಗುವಿಗೆ ಎಂಟರಿಂದ ಹದಿನೈದು ಸಲ ಅದು ಎದುರಿಗೆ ಬರಬೇಕಾಗಬಹುದು. ನಾವು ಮೂರನೇ ಸಲಕ್ಕೇ "ಇವಳಿಗೆ ಇಷ್ಟ ಇಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೇವೆ. ಒಂದು ಸಣ್ಣ ತುಂಡು ತಟ್ಟೆಯಲ್ಲಿರಲಿ. ಮುಟ್ಟಲಿ, ಮೂಸಲಿ, ಬಾಯಿಗಿಟ್ಟು ಉಗಿಯಲಿ, ಅದೂ ಒಂದು ಸಲದ ಲೆಕ್ಕವೇ. ಏನು, ಯಾವಾಗ ಕೊಡಬೇಕು ಅನ್ನುವುದು ನಿಮ್ಮ ಕೈಯಲ್ಲಿರಲಿ, ಎಷ್ಟು ತಿನ್ನಬೇಕು ಅನ್ನುವುದು ಅವಳ ಹೊಟ್ಟೆಗೆ ಬಿಟ್ಟದ್ದು. ಅವಳ ಮುಂದೆ ಕೂತು ನೀವೂ ಅದನ್ನೇ ತಿನ್ನಿ. ಅವಳಪ್ಪ ತರಕಾರಿಯನ್ನು ತಟ್ಟೆಯ ಅಂಚಿಗೆ ಸರಿಸುತ್ತಾರಾ? ಸ್ವಲ್ಪ ಗಮನಿಸಿ ನೋಡಿ, ನಾಲ್ಕು ವರ್ಷದ ಕಣ್ಣು ಬಹಳ ಚುರುಕು.

ಪ್ರಶ್ನೆ: ನಮ್ಮ ಮಾವನವರಿಗೆ 70 ದಾಟಿದೆ. ಬಿಪಿ ಮಾತ್ರೆಯನ್ನು ವಾರದಲ್ಲಿ ಮೂರು ದಿನ ತೆಗೆದುಕೊಂಡರೆ ನಾಲ್ಕು ದಿನ ಬಿಡುತ್ತಾರೆ. "ನಾನು ಆರಾಮಾಗಿದ್ದೀನಲ್ಲ" ಅನ್ನುತ್ತಾರೆ. ಸೊಸೆಯಾಗಿ ನಾನು ಗಟ್ಟಿಯಾಗಿ ಹೇಳುವ ಹಾಗೂ ಇಲ್ಲ. ಮರೆವು ಅಂದುಕೊಳ್ಳಲಾ, ಹಟ ಅಂದುಕೊಳ್ಳಲಾ?

ಉತ್ತರ: ಎರಡನ್ನೂ ಈಗಲೇ ಅಂದುಕೊಳ್ಳಬೇಡಿ. ನನ್ನ ಅಪ್ಪನ ವಿಷಯ ಹೇಳುತ್ತೇನೆ.

ಅಪ್ಪನೂ ಹೀಗೇ ಮಾತ್ರೆ ತಪ್ಪಿಸುತ್ತಿದ್ದರು. ಎರಡು ವರ್ಷ ನಾವೆಲ್ಲ ಬೈದೆವು. ನಾನಂತೂ ಇದೇ ಕೆಲಸದಲ್ಲಿರುವವಳು, ಎಲ್ಲರಿಗಿಂತ ಜಾಸ್ತಿ ಬೈದೆ. ವಾರದ ಏಳು ಖಾನೆಯ ಮಾತ್ರೆ ಡಬ್ಬಿ ತಂದುಕೊಟ್ಟೆ. ವಾರದ ಕೊನೆಗೆ ನೋಡಿದರೆ ಕೆಲವು ಖಾನೆಯಲ್ಲಿ ಎಲ್ಲ ಮಾತ್ರೆ ಖಾಲಿ, ಕೆಲವು ಖಾನೆಯಲ್ಲಿ ಒಂದೇ ಒಂದು ಸಣ್ಣ ಬಿಳಿ ಮಾತ್ರೆ ಹಾಗೇ ಕೂತಿದೆ. ಮರೆವಾಗಿದ್ದರೆ ಎಲ್ಲವೂ ಉಳಿಯಬೇಕಿತ್ತಲ್ವಾ? ಅವತ್ತು ಬೈಯದೆ ಕೇಳಿದೆ, "ಅಪ್ಪಾ, ಇದೊಂದೇ ಯಾಕೆ ಬಿಡ್ತೀರಿ?" ತುಂಬಾ ಹೊತ್ತು ಸುಮ್ಮನಿದ್ದು ಹೇಳಿದರು. ಅದು ನೀರಿಳಿಸುವ ಮಾತ್ರೆ. ತೆಗೆದುಕೊಂಡ ಮೇಲೆ ಗಂಟೆಗೆರಡು ಸಲ ಮೂತ್ರಕ್ಕೆ ಹೋಗಬೇಕು. ಹೊರಗೆ ಹೋಗಬೇಕಾದ ದಿನ, ಬಸ್ಸಿನಲ್ಲಿ ಕೂರಬೇಕಾದ ದಿನ, ನಾಲ್ಕು ಜನರ ಮಧ್ಯೆ ಇರಬೇಕಾದ ದಿನ ಅವರು ಅದನ್ನು ಬಿಡುತ್ತಿದ್ದರು. ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ಡಾಕ್ಟರಿಗೆ ಹೇಳಿದೆವು, ಅವರು ವೇಳೆ ಹೊಂದಿಸಿಕೊಟ್ಟರು. ಆಮೇಲೆ ಆ ಖಾನೆಗಳು ಖಾಲಿಯಾಗತೊಡಗಿದವು. ಎರಡು ವರ್ಷ ಬೈದದ್ದಕ್ಕೆ ನನಗೆ ಈಗಲೂ ಬೇಸರವಿದೆ.

ದೀರ್ಘಕಾಲದ ಕಾಯಿಲೆಗೆ ಕೊಟ್ಟ ಔಷಧಿಯನ್ನು ಹೇಳಿದ ಹಾಗೆ ತೆಗೆದುಕೊಳ್ಳುವವರು, ಶ್ರೀಮಂತ ದೇಶಗಳಲ್ಲೂ ಸರಾಸರಿ ಅರ್ಧದಷ್ಟು ಜನ ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ವರದಿ ಕೊಟ್ಟಿತ್ತು. ಅರ್ಧ ಜಗತ್ತೇ ಹಟಮಾರಿ ಅನ್ನಲಾಗುತ್ತದೆಯೇ? ಪ್ರತಿಯೊಬ್ಬರಿಗೂ ಒಂದು ಕಾರಣ ಇರುತ್ತದೆ. ತಲೆಸುತ್ತು ಬರುತ್ತಿರಬಹುದು, ಬಾಯಿ ಒಣಗುತ್ತಿರಬಹುದು, ಮಗನಿಗೆ ಖರ್ಚಾಗುತ್ತೆ ಅಂತ ಒಂದೊಂದು ದಿನ ಉಳಿಸುತ್ತಿರಬಹುದು, ಚೀಟಿಯ ಅಕ್ಷರ ಕಾಣದೇ ಇರಬಹುದು. ನಿಮ್ಮ ಮಾವನವರು ಹೇಳುವ "ಆರಾಮಾಗಿದ್ದೀನಲ್ಲ" ಅನ್ನುವುದೂ ಸುಳ್ಳಲ್ಲ, ಬಿಪಿ ಹೆಚ್ಚಿದ್ದರೂ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗದ ಕಾಯಿಲೆಗೆ ಗೊತ್ತಾಗುವ ತೊಂದರೆ ಕೊಡುವ ಮಾತ್ರೆ, ಯಾರಿಗಾದರೂ ಕಷ್ಟವೇ. ಮನೆಯಲ್ಲಿ ಬಿಪಿ ನೋಡುವ ಯಂತ್ರವಿದ್ದರೆ ಅವರೇ ನೋಡಿಕೊಂಡು ಪುಸ್ತಕದಲ್ಲಿ ಬರೆಯಲಿ. ಮಾತ್ರೆ ತೆಗೆದುಕೊಂಡ ದಿನ ಮತ್ತು ಬಿಟ್ಟ ದಿನದ ಅಂಕಿ ಅವರ ಕೈಬರಹದಲ್ಲೇ ಎದುರಿಗಿದ್ದರೆ ನೀವು ಗಟ್ಟಿಯಾಗಿ ಹೇಳಬೇಕಾಗುವುದಿಲ್ಲ. ಬೇಕೆಂದೇ ಬಿಟ್ಟು ಪರೀಕ್ಷೆ ಮಾಡುವುದು ಬೇಡ, ಈಗಾಗಲೇ ಬಿಡುತ್ತಿರುವ ದಿನಗಳನ್ನೇ ಬರೆದಿಡಲಿ.

ನೀವು ಕೇಳುವುದು ಕಷ್ಟವಾದರೆ ಅವರ ಮಗ ಕೇಳಲಿ, ಇಲ್ಲವೇ ಅವರ ಓರಗೆಯ ಸ್ನೇಹಿತರು ಕೇಳಲಿ. ಮೂತ್ರದ ವಿಷಯವನ್ನು ನನ್ನ ಅಪ್ಪ ನನಗಿಂತ ಮೊದಲು ಒಬ್ಬ ಗೆಳೆಯರ ಹತ್ತಿರ ಹೇಳಿದ್ದರಂತೆ.

ಪ್ರಶ್ನೆ: ನನಗೆ 43. ಶುಗರ್ ಬರುವ ಅಂಚಿನಲ್ಲಿದ್ದೀರಿ, ದಿನಾ ಅರ್ಧ ಗಂಟೆ ನಡೆಯಿರಿ ಅಂದಿದ್ದಾರೆ. ಬೆಳಿಗ್ಗೆ ಐದಕ್ಕೆ ಎದ್ದರೆ ಅಡುಗೆ, ಮಕ್ಕಳು, ಅತ್ತೆಯ ಆರೈಕೆ, ಆಫೀಸು, ಮತ್ತೆ ಅಡುಗೆ, ಪಾತ್ರೆ. ಮಲಗುವಾಗ ಹನ್ನೊಂದು. ಮೂರು ಸಲ ಶುರು ಮಾಡಿ ಮೂರು ಸಲವೂ ವಾರಕ್ಕೇ ನಿಲ್ಲಿಸಿದ್ದೇನೆ. "ಮನಸ್ಸಿದ್ದರೆ ಮಾರ್ಗ" ಅನ್ನುತ್ತಾರೆ ನಮ್ಮವರು. ನನಗೆ ಮನಸ್ಸು ಗಟ್ಟಿಯಿಲ್ಲ ಅನ್ನಿಸುತ್ತೆ. ಏನಾದರೂ ಉಪಾಯ ಹೇಳಿ.

ಉತ್ತರ: ಹದಿನೆಂಟು ಗಂಟೆ ನಿಂತು ದುಡಿಯುವವರಿಗೆ ಮನಸ್ಸು ಗಟ್ಟಿಯಿಲ್ಲ ಅಂತ ನಾನು ಒಪ್ಪುವುದಿಲ್ಲ. ನಿಮಗೆ ಇಲ್ಲದೇ ಇರುವುದು ಅರ್ಧ ಗಂಟೆ. ಅದು ಉಪಾಯದಿಂದ ಹುಟ್ಟುವುದಿಲ್ಲ, ಇನ್ನೊಬ್ಬರ ಅರ್ಧ ಗಂಟೆಯಿಂದ ಬರಬೇಕು. ಆರೋಗ್ಯದ ಮಾತಾಡುವಾಗ ನಾವು ಯಾವಾಗಲೂ ತಿಳಿವಳಿಕೆ, ಇಚ್ಛಾಶಕ್ತಿ ಅಂತ ಮಾತಾಡುತ್ತೇವೆ. ಮನೆಯಲ್ಲಿ ಯಾರ ಸಮಯ ಯಾರ ಕೈಯಲ್ಲಿದೆ ಅನ್ನುವುದನ್ನು ಮಾತಾಡುವುದೇ ಇಲ್ಲ. ಇದು ನನಗೆ ನಿಜವಾಗಿ ಸಿಟ್ಟು ತರಿಸುವ ಸಂಗತಿ.

ಮೊದಲು ನಿಮಗೆ ಸ್ವಲ್ಪ ಸಮಾಧಾನ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವುದು ವಾರಕ್ಕೆ ಕನಿಷ್ಠ 150 ನಿಮಿಷ, ಸ್ವಲ್ಪ ಉಸಿರು ಏರುವಷ್ಟು ಚುರುಕಾದ ಚಟುವಟಿಕೆ. ಒಂದೇ ಸಲಕ್ಕೆ ಅರ್ಧ ಗಂಟೆ ಆಗಲೇಬೇಕು ಅಂತಿಲ್ಲ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಆಗಬೇಕು ಅನ್ನುವ ಹಳೆಯ ಷರತ್ತನ್ನೂ 2020ರ ಮಾರ್ಗಸೂಚಿಯಲ್ಲಿ ತೆಗೆದುಹಾಕಿದ್ದಾರೆ. ಏಳು ನಿಮಿಷ ನಡೆದರೆ ಏಳು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

"ಟೈಮ್ ಸಿಕ್ಕಾಗ ನಡೀತೀನಿ" ಅಂದುಕೊಂಡರೆ ಟೈಮ್ ಸಿಗುವುದಿಲ್ಲ. ದಿನಾ ತಪ್ಪದೆ ನಡೆಯುವ ಒಂದು ಕೆಲಸದ ಬೆನ್ನಿಗೆ ಕಟ್ಟಿ: ರಾತ್ರಿ ಊಟದ ತಟ್ಟೆ ಎತ್ತಿಟ್ಟ ತಕ್ಷಣ ಚಪ್ಪಲಿ ಮೆಟ್ಟುತ್ತೇನೆ. ಅಷ್ಟೇ, ಆಮೇಲೆ ಯೋಚನೆ ಬೇಡ. ಪಾತ್ರೆ? ಪಾತ್ರೆ ಯಾರಾದರೂ ತೊಳೆಯುತ್ತಾರೆ, ಆ ಮಾತನ್ನು ಮುಂದೆ ಹೇಳುತ್ತೇನೆ. ಲಂಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ 96 ಜನರನ್ನು ಗಮನಿಸಿ, ಹೊಸ ರೂಢಿ ತಾನಾಗಿ ನಡೆಯುವ ಹಾಗಾಗಲು ಸರಾಸರಿ 66 ದಿನ ಬೇಕಾಯಿತು ಅಂತ ಕಂಡುಕೊಂಡಿದ್ದಾರೆ. ಕೆಲವರಿಗೆ 18 ದಿನ, ಕೆಲವರ ಲೆಕ್ಕ 254 ದಿನದವರೆಗೂ ಹೋಯಿತು. ನೀವು ಏಳನೇ ದಿನಕ್ಕೇ ನಿಮ್ಮನ್ನು ಫೇಲ್ ಮಾಡಿಕೊಂಡಿದ್ದೀರಿ! ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಇನ್ನೂ ಇಷ್ಟ: ಮಧ್ಯೆ ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ. ಮರುದಿನ ಮತ್ತೆ ಚಪ್ಪಲಿ ಮೆಟ್ಟಿದರಾಯಿತು.

ಇನ್ನು ಉಳಿದ ಮಾತು ನಿಮ್ಮ ಯಜಮಾನರಿಗೆ. ಈ ಪುಟವನ್ನು ಅವರ ಕೈಗೆ ಕೊಡಿ.

ಸರ್, ಮನಸ್ಸಿದ್ದರೆ ಮಾರ್ಗ ಅಂದಿರಿ. ನಿಮ್ಮ ಪತ್ನಿಯ ಮನಸ್ಸು ಮೂರು ಸಲ ಎದ್ದಿದೆ. ಮಾರ್ಗದಲ್ಲಿ ಏನಿತ್ತು ಅಂತ ಒಂದು ದಿನ ನೋಡಿ. ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ಅವರು ಮಾಡುವ ಕೆಲಸಗಳನ್ನು ನೀವೇ ಒಂದು ಹಾಳೆಯಲ್ಲಿ ಬರೆಯಿರಿ, ಅವರನ್ನು ಕೇಳಬೇಡಿ, ನೋಡಿ ಬರೆಯಿರಿ. ಅದರಲ್ಲಿ ಒಂದನ್ನು ಆರಿಸಿಕೊಳ್ಳಿ. ಸಹಾಯ ಮಾಡುವುದಕ್ಕಲ್ಲ, ಪೂರ್ತಿ ನಿಮ್ಮದು ಮಾಡಿಕೊಳ್ಳುವುದಕ್ಕೆ. ರಾತ್ರಿ ಪಾತ್ರೆ ಅಂದುಕೊಳ್ಳೋಣ: ಸೋಪು ಖಾಲಿಯಾದರೆ ತರುವುದೂ ನೀವೇ, ಕಟ್ಟೆ ಒರೆಸುವುದೂ ನೀವೇ, ಯಾರೂ ನೆನಪಿಸದೆ. ಯಾಕೆಂದರೆ ನೆನಪಿಸುವುದೂ ಒಂದು ಕೆಲಸ, ಅದೂ ಈಗ ಅವರದೇ ಪಟ್ಟಿಯಲ್ಲಿದೆ. ವಾರದಲ್ಲಿ ಎರಡು ದಿನ ಆ ಕೆಲಸ ಮಕ್ಕಳಿಗೆ ಬಿಟ್ಟು ನೀವೂ ಅವರ ಜೊತೆ ನಡೆಯಲು ಹೋಗಿ. ವಯಸ್ಸಿನಲ್ಲಿ ನೀವು ಅವರಿಗಿಂತ ಚಿಕ್ಕವರೇನೂ ಇರಲಾರಿರಿ, ನಿಮ್ಮ ಶುಗರ್ ಯಾವಾಗ ನೋಡಿಸಿದ್ದಿರಿ?

ಎರಡು ತಿಂಗಳು ಬಿಟ್ಟು ನನಗೆ ಬರೆಯಿರಿ. ಈ ಸಲ ಪತ್ರ ನೀವಿಬ್ಬರೂ ಸೇರಿ ಬರೆದಿರಲಿ.